ತಟ್ಟೆಯಿಂದ ಮೂಟೆಯವರೆಗೆ
ಬೆಂಗಳೂರು ಕರಗ ಉತ್ಸವದ ದಿನಗಳಲ್ಲಿ ನಗರ್ತಪೇಟೆಯ ಸುತ್ತಲಿನ ಅರವಟ್ಟಿಗೆಗಳಲ್ಲಿ ಪಾನಕ, ಮಜ್ಜಿಗೆ, ಕೋಸಂಬರಿ ಹಂಚುವಾಗ ಯಾರಿಗಾದರೂ ವಾಂತಿಭೇದಿಯಾದರೆ ದೂರು ಮೊದಲು ಬಡಿಸಿದವರ ತಲೆಗೇ ಬರುತ್ತದೆ. ಆದರೆ ಕೋಸಂಬರಿಗೆ ಬಳಸಿದ ಹೆಸರುಬೇಳೆಯ ಮೂಟೆ ಬೇರೆ ಅಡುಗೆಮನೆಗಳಿಗೂ ಹೋಗಿರಬಹುದೆಂಬುದನ್ನು ತೋರಿಸಬಲ್ಲದ್ದು ಜಾಲನಕ್ಷೆ, ಅಂದರೆ ಅಂಗಡಿ, ಗೋದಾಮು, ಅಡುಗೆಮನೆಗಳನ್ನು ಬಿಂದುಗಳಾಗಿಯೂ ಅವುಗಳ ನಡುವಿನ ಸರಕು ಸಾಗಣೆಯನ್ನು ಗೆರೆಗಳಾಗಿಯೂ ಬರೆದ ಚಿತ್ರ. 2011ರಲ್ಲಿ ಜರ್ಮನಿಯಲ್ಲಿ ಇ. ಕೋಲಿ ಸೋಂಕು 50ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಾಗ ಆರಂಭದಲ್ಲಿ ಸ್ಪೇನಿನ ಸೌತೆಕಾಯಿಯ ಮೇಲೆ ಆರೋಪ ಬಂದು ಅಲ್ಲಿನ ರೈತರು ನಷ್ಟಕ್ಕೊಳಗಾದರು; ಕೊನೆಗೆ 41 ಕಡೆ ಗುಂಪಾಗಿ ಕಾಣಿಸಿಕೊಂಡ ಪ್ರಕರಣಗಳಿಂದ ಹಿಂದಕ್ಕೆ ಎಳೆದ ಗೆರೆಗಳು ಲೋವರ್ ಸ್ಯಾಕ್ಸನಿಯ ಒಂದೇ ಮೊಳಕೆಕಾಳು ಘಟಕದಲ್ಲಿ ಕೂಡಿದವು, ಫ್ರಾನ್ಸಿನ ಪ್ರಕರಣಗಳ ಗೆರೆಗಳೂ ಸೇರಿದಾಗ ಈಜಿಪ್ಟಿನಿಂದ ಆಮದಾದ ಮೆಂತ್ಯದ ಕಾಳೇ ಸಮಾನ ಮೂಲವೆಂದು ತನಿಖೆ ನಿರ್ಣಯಿಸಿತು. ಪ್ರಯೋಗಾಲಯಕ್ಕೆ ಕಳುಹಿಸಲು ಉಳಿದ ಆಹಾರವೇ ಇಲ್ಲದಿರುವಾಗಲೂ ಖರೀದಿಯ ದಾಖಲೆ ಸಾಕ್ಷಿ ನುಡಿಯಬಲ್ಲದೆಂಬುದೇ ಈ ವಿಧಾನದ ಹಿರಿಮೆ. 2022ರ ಜನವರಿಯಿಂದ ಭಾರತದಲ್ಲಿ ಆಹಾರ ವ್ಯಾಪಾರಿಗಳು ಬಿಲ್ಲಿನ ಮೇಲೆ 14 ಅಂಕಿಗಳ ಪರವಾನಗಿ ಅಥವಾ ನೋಂದಣಿ ಸಂಖ್ಯೆ ನಮೂದಿಸುವುದು ಕಡ್ಡಾಯವಾಗಿದ್ದರೂ, ಆ ಸಂಖ್ಯೆ ಬಿಂದುವಿಗೆ ಹೆಸರು ಕೊಡುತ್ತದೆಯೇ ಹೊರತು ಗೆರೆಯನ್ನು ಎಳೆಯುವುದಿಲ್ಲ. ಯಾವ ಮೂಟೆ ಯಾವ ದಿನ ಯಾರಿಂದ ಯಾರಿಗೆ ಹೋಯಿತೆಂದು ಸಗಟು ಅಂಗಡಿಯಿಂದ ಅರವಟ್ಟಿಗೆಯವರೆಗೆ ಎಲ್ಲರೂ ಬರೆದಿಟ್ಟರೆ ಮಾತ್ರ ಉಂಡವರ ಆರೋಗ್ಯವೂ ನಿರಪರಾಧಿಯಾದ ಅಡುಗೆಯವರ ಮಾನವೂ ಉಳಿಯುತ್ತವೆ.