ರೋಬೋಟ್ ತಂದ ಮಾತ್ರಕ್ಕೆ ಕಾರ್ಖಾನೆ ಸುಧಾರಿಸುತ್ತದೆಯೇ?

ಒಬ್ಬ ಕಾರ್ಮಿಕನೂ ಇಲ್ಲದೆ ನಡೆಯುವ ಕಾರ್ಖಾನೆಗಳ ವಿಡಿಯೋಗಳು ನಮ್ಮ ಫೋನುಗಳಿಗೂ ಆಗಾಗ ಬರುತ್ತವೆ. ರೋಬೋಟ್ ಬಂದರೆ ತಪ್ಪೂ ಇಲ್ಲ, ತಡವೂ ಇಲ್ಲ ಎಂಬ ನಂಬಿಕೆ ಅವುಗಳ ಜೊತೆಗೇ ಹರಡುತ್ತದೆ. ಇದು ನಿಜವೇ? ಅಮೆರಿಕದ ಒಂದು ಕಾರ್ಖಾನೆಯ ಇತಿಹಾಸ ನೋಡೋಣ.

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್ (ಜಿಎಂ) ಕಂಪನಿಯ ಕಾರು ಕಾರ್ಖಾನೆ ಇತ್ತು. ಕಳಪೆ ಗುಣಮಟ್ಟ, ಗೈರುಹಾಜರಿ, ಆಡಳಿತದೊಂದಿಗೆ ಕಾರ್ಮಿಕರ ಜಗಳಕ್ಕೆ ಅದು ಕುಖ್ಯಾತವಾಗಿತ್ತು. 1982ರಲ್ಲಿ ಮುಚ್ಚಿತು. 1984ರಲ್ಲಿ ಜಿಎಂ ಮತ್ತು ಟೊಯೋಟಾ ಸೇರಿ ಅದನ್ನು ‘ನುಮ್ಮಿ’ ಎಂಬ ಹೆಸರಿನಲ್ಲಿ ಮತ್ತೆ ಆರಂಭಿಸಿದವು. ಕೆಲಸಗಾರರಲ್ಲಿ ಹೆಚ್ಚಿನವರು ಹಳಬರೇ, ಯೂನಿಯನ್ ಕೂಡ ಹಳೆಯದೇ. ಬದಲಾದದ್ದು ಕೆಲಸ ಮಾಡುವ ಕ್ರಮ. ತಂಡಗಳ ಮುಖ್ಯಸ್ಥರನ್ನು ತರಬೇತಿಗೆ ಜಪಾನಿಗೆ ಕಳುಹಿಸಲಾಯಿತು. ದೋಷ ಕಂಡ ಯಾವ ಕಾರ್ಮಿಕನಾದರೂ ಹಗ್ಗ ಎಳೆದು ಸಹಾಯ ಕೇಳಬಹುದಿತ್ತು, ಬೇಕಾದರೆ ಉತ್ಪಾದನೆಯನ್ನೇ ನಿಲ್ಲಿಸಬಹುದಿತ್ತು. ಕೆಲವೇ ವರ್ಷಗಳಲ್ಲಿ ನುಮ್ಮಿ ಗುಣಮಟ್ಟದಲ್ಲಿ ಹೆಸರು ಮಾಡಿತು.

ಅದೇ ದಶಕದಲ್ಲಿ ಜಿಎಂ ತನ್ನ ಇತರ ಕಾರ್ಖಾನೆಗಳ ಆಧುನೀಕರಣಕ್ಕೆ ಸಾವಿರಾರು ಕೋಟಿ ಡಾಲರ್ ಸುರಿಯಿತು. 1985ರಲ್ಲಿ ಡೆಟ್ರಾಯಿಟ್-ಹ್ಯಾಮ್‌ಟ್ರ್ಯಾಮ್ಕ್‌ನಲ್ಲಿ ತೆರೆದ ಕಾರ್ಖಾನೆಯಲ್ಲಿ ನೂರಾರು ರೋಬೋಟ್‌ಗಳಿದ್ದವು. ಆರಂಭದಲ್ಲಿ ಅವು ಪದೇ ಪದೇ ಕೈಕೊಟ್ಟವು.

ನುಮ್ಮಿ 2010ರಲ್ಲಿ ಮುಚ್ಚಿತು, ಫ್ರೀಮಾಂಟ್ ಕಟ್ಟಡವನ್ನು ಟೆಸ್ಲಾ ಕೊಂಡಿತು. ಅಲ್ಲಿ ಮಾಡೆಲ್ 3 ಕಾರಿನ ಉತ್ಪಾದನೆ ಕುಂಟತೊಡಗಿದಾಗ, ಅತಿಯಾದ ಯಾಂತ್ರೀಕರಣ ತಪ್ಪಾಗಿತ್ತು ಎಂದು 2018ರಲ್ಲಿ ಇಲಾನ್ ಮಸ್ಕ್ ಅವರೇ ಒಪ್ಪಿಕೊಂಡರು. ಸಂಕೀರ್ಣವಾದ ಕನ್ವೇಯರ್ ಜಾಲವೊಂದನ್ನು ಕಿತ್ತುಹಾಕಬೇಕಾಯಿತು.

ಹೀಗೇಕೆ? ರೋಬೋಟ್ ಕಲಿಸಿದ್ದನ್ನೇ ವೇಗವಾಗಿ ಮಾಡುತ್ತದೆ. ಕೆಲಸದ ಕ್ರಮದಲ್ಲೇ ದೋಷವಿದ್ದರೆ ದೋಷವೂ ಅಷ್ಟೇ ವೇಗದಲ್ಲಿ ಹೊರಬರುತ್ತದೆ. ಬಿಡಿಭಾಗ ಕೂದಲೆಳೆಯಷ್ಟು ವಾರೆಯಾಗಿದ್ದರೆ ಅನುಭವಿ ಕೈ ಸರಿಪಡಿಸಿಕೊಳ್ಳುತ್ತದೆ. ಅದನ್ನು ಯಾರೂ ಬರೆದಿಟ್ಟಿರುವುದಿಲ್ಲ. ಆ ಕಾರ್ಮಿಕನನ್ನು ಕೇಳದೆ ಯಂತ್ರ ಕೂರಿಸಿದರೆ ಆ ತಿಳಿವಳಿಕೆ ಅವನೊಂದಿಗೇ ಹೊರಟುಹೋಗುತ್ತದೆ.

ಹಾಗೆಂದು ರೋಬೋಟ್ ಬೇಡವೆಂದಲ್ಲ. ವೆಲ್ಡಿಂಗ್, ಪೇಂಟಿಂಗ್‌ನಂತಹ ಕೆಲಸಗಳಲ್ಲಿ ಟೊಯೋಟಾ ಕೂಡ ಅವನ್ನು ಬಳಸುತ್ತದೆ. ನಿಮ್ಮಲ್ಲಿಗೂ ಹೊಸ ಯಂತ್ರ ಬರುತ್ತಿದ್ದರೆ ಮೂರು ಪ್ರಶ್ನೆ ಕೇಳಿ: ಈಗಿನ ಕೆಲಸದ ಕ್ರಮ ಸರಿಯಾಗಿದೆಯೇ? ಅದನ್ನು ಮಾಡುವವರ ಮಾತು ಕೇಳಿದ್ದಾರೆಯೇ? ಕಲಿಯಲು ಸಮಯ ಕೊಟ್ಟಿದ್ದಾರೆಯೇ? ಇವಕ್ಕೆ ಉತ್ತರ ‘ಇಲ್ಲ’ ಎಂದಾದರೆ, ನಾಳೆ ಉತ್ಪಾದನೆ ಕುಸಿದಾಗ ತಪ್ಪನ್ನು ಕಾರ್ಮಿಕರ ತಲೆಗೆ ಕಟ್ಟುವುದು ನ್ಯಾಯವಲ್ಲ.