ಕಟ್ಟೆಯ ಮಾತು: ಸಿಳ್ಳೆ ಹಾಕಿದ ಮೋಟಾರು

ನಾವು ಮೋಟಾರು ಕೊಂಡ ಸಂಗತಿಯನ್ನು ವಾಚಕರಿಂದ ಇದುವರೆಗೆ ಮುಚ್ಚಿಟ್ಟಿದ್ದೆವು. ಗುಮಾಸ್ತನ ಸಂಬಳದಲ್ಲಿ ಮೋಟಾರೇ ಎಂದು ಹುಬ್ಬೇರಿಸುವವರು ನಮ್ಮ ಸಂಘದಲ್ಲಿಯೂ ಇದ್ದಾರೆ. ಹಳೆಯದು ಸ್ವಾಮಿ, ಬೇರೊಬ್ಬರು ಓಡಿಸಿ ಬಿಟ್ಟದ್ದು, ಡೀಸೆಲಿನದು. ಬೀದರಿನಲ್ಲಿರುವ ತಂದೆಯವರನ್ನು ಕಣ್ಣಿನ ಚಿಕಿತ್ಸೆಗೆಂದು ಆಗಾಗ ಹೈದರಾಬಾದಿಗೆ ಕರೆತರಬೇಕು, ಬಸ್ಸಿನ ಪ್ರಯಾಣ ಅವರ ಸೊಂಟಕ್ಕೆ ಒಗ್ಗದು, ಅದಕ್ಕಾಗಿ ಕೊಂಡೆವು.

ಕಳೆದ ದಸರೆಯ ಮರುವಾರ ಅವರನ್ನು ಕೂರಿಸಿಕೊಂಡು ಬರುತ್ತಿದ್ದೆವು. ಜಹೀರಾಬಾದು ದಾಟಿ ಸದಾಶಿವಪೇಟೆ ಸಮೀಪಿಸುವಾಗ ಎಲ್ಲಿಂದಲೋ ಸಣ್ಣಗೆ ಸಿಳ್ಳೆ ಕೇಳತೊಡಗಿತು. ಹಿಂದಿನ ಸೀಟಿನಿಂದ ತಂದೆಯವರು, “ಹಿಂದ ದವಾಖಾನಿ ಗಾಡಿ ಬರ್ಲಾಕತ್ತದ, ಹಾದಿ ಬಿಡಪಾ” ಎಂದರು. ನಾವು ವಿನಯದಿಂದ ಎಡಕ್ಕೆ ಸರಿದು ಹಾದಿ ಬಿಟ್ಟೆವು. ಯಾರೂ ಬರಲಿಲ್ಲ. ಹಿಂದೆ ಇದ್ದದ್ದು ನೀಲಿ ಹೊಗೆ, ಅದೂ ನಮ್ಮದೇ. ಆ ಮೇಲೆ ಗಾಡಿಯ ತ್ರಾಣವೆಲ್ಲ ಉಡುಗಿಹೋಗಿ, ಎತ್ತಿನ ಬಂಡಿಗೆ ಸಮನಾಗಿ ಊರು ಸೇರಿದೆವು.

ಟರ್ಬೊ ಹೋಗಿದೆ ಎಂದರು ನಮ್ಮ ಓಣಿಯ ಗ್ಯಾರೇಜಿನ ಉಸ್ತಾದರು. ಬಿ.ಎ. ಓದಿದ ನಮಗೆ ಆ ಹೆಸರು ಮಾತ್ರ ಗೊತ್ತಿತ್ತು. ಅವರು ತಿಳಿಸಿದ್ದು ಇಷ್ಟು. ಎಂಜಿನ್ನು ಉಗುಳುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚಿದಷ್ಟೂ ಡೀಸೆಲನ್ನು ಹೆಚ್ಚು ಉರಿಸಬಹುದು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರು 1905ರಲ್ಲಿಯೇ ಇದಕ್ಕೆ ಪೇಟೆಂಟು ಪಡೆದಿದ್ದನೆಂದು ನಾವು ಆಮೇಲೆ ಓದಿಕೊಂಡೆವು. ಹಿಂದೆ ಕಾಚಿಗುಡ ನಿಲ್ದಾಣದಿಂದ ರೈಲು ಹೊರಡುವಾಗ ಡೀಸೆಲ್ ಎಂಜಿನ್ನು ಭುಸ್ಸೆಂದು ಕರಿಹೊಗೆ ಕಾರುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಅದರೊಳಗೂ ಇದೇ ಯಂತ್ರ. ಚಕ್ರ ವೇಗ ಹಿಡಿಯುವವರೆಗೆ ಗಾಳಿ ಸಾಲದೆ ಬರುತ್ತಿದ್ದ ಹೊಗೆ ಅದು.

ಕಾರಿನ ಟರ್ಬೊವಿನ ಅಚ್ಚು ನಿಮಿಷಕ್ಕೆ 1,00,000 ಸುತ್ತನ್ನೂ ಮೀರಿ ತಿರುಗುತ್ತದೆ. ಅಷ್ಟು ವೇಗದ ಅಚ್ಚನ್ನು ಹೊತ್ತಿರುವುದು ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪೊರೆ. ಆ ಎಣ್ಣೆ ಕೊಳೆಯಾದರೆ, ಅಥವಾ ಒಂದು ಗಳಿಗೆ ತಪ್ಪಿದರೆ, ಲೋಹಕ್ಕೆ ಲೋಹ ತಾಗಿ ಮುಗಿಯಿತು. ಬಿರುಸಾಗಿ ಓಡಿ ಬಂದ ಗಾಡಿಯ ಕೀಲಿಯನ್ನು ತಟ್ಟನೆ ತಿರುಗಿಸಿದರೂ ಕಷ್ಟವೇ: ಎಣ್ಣೆ ಹರಿಯುವುದು ನಿಲ್ಲುತ್ತದೆ, ಕಾದ ಟರ್ಬೊವಿನಲ್ಲಿ ಉಳಿದದ್ದು ಬಾಣಲೆಯ ತಳದಲ್ಲಿ ಸೀದಂತೆ ಕರಿಕಟ್ಟುತ್ತದೆ.

“ಸಾಬ್, ತೇಲ್ ಕಬ್ ಬದ್ಲೇ?” ಎಂದು ಉಸ್ತಾದರು ಕೇಳಿದರು. 10,000 ಕಿಲೋಮೀಟರಿಗೆ ಬದಲಿಸಬೇಕಾದ ಎಣ್ಣೆಯನ್ನು ನಾವು 17,000ದವರೆಗೆ ಎಳೆದಿದ್ದೆವು. ಕಡತಗಳನ್ನು ಮುಂದೂಡುವ ಅಭ್ಯಾಸ ಮನೆಗೂ ಬಂದಿತ್ತೆಂದು ಕಾಣುತ್ತದೆ. ನಾವು ಉತ್ತರ ಕೊಡಲಿಲ್ಲ.

ಭವಿಷ್ಯನಿಧಿಯಿಂದ ಮುಂಗಡ ತೆಗೆದು 42,000 ರೂಪಾಯಿ ಸುರಿದು ಹೊಸ ಟರ್ಬೊ ಹಾಕಿಸಿದೆವು. ಹತ್ತೊಂಬತ್ತನೆಯ ದಿನ ಮತ್ತೆ ಅದೇ ಸಿಳ್ಳೆ! ಆ ವಾರವೇ ತಂದೆಯವರ ಕಣ್ಣಿನ ಶಸ್ತ್ರಚಿಕಿತ್ಸೆ ಗೊತ್ತಾಗಿತ್ತು. ಪಾಪ, ಅವರು ಬಸ್ಸಿನಲ್ಲೇ ಬಂದರು. ಇಳಿದವರಿಗೆ ನೆಟ್ಟಗೆ ನಿಲ್ಲಲಾಗಲಿಲ್ಲ. ಅದನ್ನು ಕಂಡ ಸಿಟ್ಟಿನಲ್ಲಿ ಗ್ಯಾರೇಜಿಗೆ ಹೋಗಿ, ನಾಲ್ಕು ಜನರ ಮುಂದೆ ಉಸ್ತಾದರನ್ನು ಮೋಸಗಾರರೆಂದೆವು. ನಮಗಿಂತ ಇಪ್ಪತ್ತು ವರ್ಷ ಹಿರಿಯರು.

ಅವರು ಮಾತನಾಡಲಿಲ್ಲ. ಟರ್ಬೊವಿಗೆ ಎಣ್ಣೆ ಒಯ್ಯುವ ಸಣ್ಣ ನಳಿಕೆಯನ್ನು ಬಿಚ್ಚಿ, ತೆಳುವಾದ ತಂತಿಯೊಂದನ್ನು ನಮ್ಮ ಕೈಗೆ ಕೊಟ್ಟು ತೂರಿಸಿರೆಂದು ಸನ್ನೆ ಮಾಡಿದರು. ತಂತಿ ಹೋಗಲಿಲ್ಲ. ಒಳಗೆಲ್ಲ ಕರಿ. ಆಮೇಲೆ ಮೇಜಿನ ಖಾನೆಯಿಂದ ಮೊದಲ ಸಲದ ಅಂದಾಜು ಪಟ್ಟಿಯನ್ನು ತೆಗೆದರು. ಹೊಸ ನಳಿಕೆ, ಎಣ್ಣೆಯ ಜಾಲರಿ, ಎಣ್ಣೆತೊಟ್ಟಿ ತೊಳೆಯುವುದು, ಒಟ್ಟು 3,800 ರೂಪಾಯಿ. ಆ ಸಾಲುಗಳ ಮೇಲೆ ಕೆಂಪು ಶಾಯಿಯ ಗೆರೆ. ಗೆರೆ ಎಳೆದವರು ನಾವೇ. ಕಚೇರಿಯಲ್ಲಿ ಇತರರ ಬಿಲ್ಲುಗಳನ್ನು ಕತ್ತರಿಸುವ ಗತ್ತಿನಲ್ಲೇ ಎಳೆದಿದ್ದೆವು.

ಟರ್ಬೊ ಸತ್ತರೆ ಅದು ತಾನಾಗಿ ಸಾಯುವುದು ಅಪರೂಪವಂತೆ. ಕೊಂದದ್ದು ಏನೆಂದು ಹುಡುಕದೆ ಹೊಸದನ್ನು ಕೂರಿಸಿದರೆ ಅದೂ ಅದೇ ಹಾದಿ ಹಿಡಿಯುತ್ತದೆ. ಇನ್ನೊಂದು ಅಪಾಯವನ್ನೂ ಅವರು ಹೇಳಿದರು. ಸೋರಿದ ಎಣ್ಣೆಯನ್ನೇ ಕುಡಿದು ಡೀಸೆಲ್ ಎಂಜಿನ್ನು ಕೆಲವೊಮ್ಮೆ ಹುಚ್ಚೆದ್ದು ಓಡುತ್ತದೆ, ಆಗ ಕೀಲಿ ತೆಗೆದರೂ ನಿಲ್ಲದು. ಕೈಗೇರಿನ ಗಾಡಿಯಾದರೆ ಬ್ರೇಕನ್ನು ಬಲವಾಗಿ ಒತ್ತಿ, ಮೇಲಿನ ಗೇರು ಹಾಕಿ, ಕ್ಲಚ್ಚು ಬಿಟ್ಟು ಅದರ ಉಸಿರು ನಿಲ್ಲಿಸಬೇಕು. ಡೀಸೆಲ್ ಗಾಡಿ ಇರುವವರು ಇದನ್ನು ಮನೆಮಂದಿಗೆಲ್ಲ ತಿಳಿಸಿಡುವುದು ಒಳ್ಳೆಯದು.

ನಮ್ಮಂಥವರು ಅಮೆರಿಕದಲ್ಲಿಯೂ ಇದ್ದರೆಂಬುದು ಸಣ್ಣ ಸಮಾಧಾನ. 1962ರಲ್ಲಿ ಓಲ್ಡ್ಸ್‌ಮೊಬೀಲ್ ಕಂಪನಿಯವರು ಜೆಟ್‌ಫೈರ್ ಎಂಬ ಪೆಟ್ರೋಲ್ ಕಾರಿಗೆ ಟರ್ಬೊ ಕೂಡಿಸಿದರು. ಅದಕ್ಕೆ ನೀರೂ ಮೆಥನಾಲೂ ಬೆರೆತ ದ್ರವವೊಂದನ್ನು ಮಾಲೀಕರು ಆಗಾಗ ತುಂಬಬೇಕಿತ್ತು. ಬಹಳ ಮಂದಿ ತುಂಬಲಿಲ್ಲ. ಕಡೆಗೆ 1965ರಲ್ಲಿ ಕಂಪನಿಯವರೇ ಟರ್ಬೊವನ್ನು ಕಳಚಿ ಕಾರ್ಬುರೇಟರು ಹಾಕಿಕೊಡಲು ಮುಂದಾದರು.

ಉಸ್ತಾದರು ಎರಡನೆಯ ಸಲ ಸಾಮಾನಿನ ದುಡ್ಡು ಮಾತ್ರ ತೆಗೆದುಕೊಂಡರು, ಕೂಲಿ ಮುಟ್ಟಲಿಲ್ಲ. ಬಯ್ದದ್ದು ನಾಲ್ಕು ಜನರ ಮುಂದೆ, ಕ್ಷಮೆ ಕೇಳಿದ್ದು ಒಬ್ಬರೇ ಇದ್ದಾಗ. ಅದು ಇನ್ನೂ ಚುಚ್ಚುತ್ತಿದೆ.

ಈಗ ಎಣ್ಣೆಯ ತಾರೀಖು ಅಡುಗೆಮನೆಯ ಕ್ಯಾಲೆಂಡರಿನಲ್ಲಿದೆ, ನಮ್ಮಾಕೆಯ ಉಸ್ತುವಾರಿಯಲ್ಲಿ. ಊರೊಳಗೆ ಮೆಲ್ಲಗೆ ಓಡಾಡಿದ ಗಾಡಿಗೆ ಕಾಯುವ ಅಗತ್ಯವಿಲ್ಲ. ಹೆದ್ದಾರಿಯಿಂದ ನೇರವಾಗಿ ಜಹೀರಾಬಾದಿನ ಚಹಾದಂಗಡಿಯ ಮುಂದೆ ನಿಂತಾಗ ಮಾತ್ರ ಒಂದು ನಿಮಿಷ ಎಂಜಿನ್ನನ್ನು ಹಾಗೆಯೇ ಬಿಡುತ್ತೇವೆ. ಅರವತ್ತರವರೆಗೆ ಎಣಿಸುವ ಕೆಲಸ ಮಗಳದು, ಕನ್ನಡದಲ್ಲೇ ಎಣಿಸಬೇಕೆಂದು ಅಜ್ಜನ ಕಟ್ಟಪ್ಪಣೆ. ಮೂವತ್ತೊಂಬತ್ತಾದ ಮೇಲೆ ಅವಳು ತಪ್ಪದೆ ಐವತ್ತಕ್ಕೆ ಹಾರುತ್ತಾಳೆ. ಅಜ್ಜ ಮತ್ತೆ ಒಂದರಿಂದ ಹಿಡಿಸುತ್ತಾರೆ. ಚಹಾದಂಗಡಿಯ ಹುಡುಗ ಗ್ಲಾಸು ಹಿಡಿದು ಕಿಟಕಿಯ ಬಳಿ ಕಾಯುತ್ತಾನೆ.