ಬೇಸಿಗೆ ರಜೆಯಲ್ಲಿ ನಮ್ಮ ಮಕ್ಕಳು ಎಲ್ಲಿರಬೇಕು?

ಏಪ್ರಿಲ್ 10ರಂದು ಶಾಲೆಯಲ್ಲಿ ಪಾಸು-ನಪಾಸು ಹೇಳಿ ಮಕ್ಕಳನ್ನು ಮನೆಗೆ ಕಳಿಸುತ್ತಾರೆ. ನಮ್ಮ ಹಿರಿಯವ ಮೂರನೇ ತರಗತಿ ಮುಗಿಸಿ ಅವತ್ತು ಓಡಿಬಂದವನೇ ಪಾಟಿಚೀಲವನ್ನು ಜ್ವಾಳದ ಚೀಲಗಳ ಮೇಲೆ ಎಸೆದ. ಇನ್ನು ಮೇ 28ರವರೆಗೆ ಅವನದೇ ರಾಜ್ಯ. ಅದೇ ರಾತ್ರಿ ನಾವಿಬ್ಬರೂ ಗಂಡ-ಹೆಂಡತಿ ಕೂತು ಹಾಕಿದ ಲೆಕ್ಕ ಒಂದೇ: ನಾಳೆಯಿಂದ ಇವನನ್ನು ನೋಡಿಕೊಳ್ಳುವವರು ಯಾರು?

ನಮ್ಮದು ಕೊಪ್ಪಳ ಜಿಲ್ಲೆಯ ಒಂದು ಹಳ್ಳಿ. ನಮ್ಮಲ್ಲೊಬ್ಬರು ಸುದ್ದಿ ಹಿಡಿದು ತಾಲ್ಲೂಕು, ಹೋಬಳಿ ಅಂತ ಬೈಕಿನಲ್ಲಿ ತಿರುಗುವವರು. ಇನ್ನೊಬ್ಬರು ಊರ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಹೊಲಿಗೆ ಕೆಲಸದವರು. ಸುದ್ದಿ ಅಚ್ಚಾದರೆ ದುಡ್ಡು, ಜಂಪರ್ ಹೊಲಿದರೆ ದುಡ್ಡು. ಕೆಲಸ ಮಾಡದ ದಿನ ಇಬ್ಬರಿಗೂ ಸಂಬಳವಿಲ್ಲ. ಮನೆಯಲ್ಲಿ ಎಪ್ಪತ್ತು ದಾಟಿದ ಅವ್ವ, ಮೂರು ವರ್ಷದ ಮಗಳು, ಈ ಎಂಟು ವರ್ಷದ ಮಗ.

ಹಾಗೆಂದು ಈ ದಿನಗಳನ್ನು ಬರೀ ಕಷ್ಟ ಎನ್ನಲಾಗದು. ಹೋಳಿಹುಣ್ಣಿಮೆ ಮುಗಿದು ಬೇವಿನ ಗಿಡ ಹೂ ಬಿಟ್ಟ ಮೇಲೆ ಮಕ್ಕಳಿದ್ದ ಮನೆಗೆ ಬೇರೆಯೇ ಕಳೆ. ಯುಗಾದಿಗೆ ಬೇವು-ಬೆಲ್ಲ ಕುಡಿಸಲು ಹೋದರೆ ಮಗಳು ಬೆಲ್ಲದ ನೀರಷ್ಟೇ ನೆಕ್ಕಿ ಬೇವಿನ ಹೂ ಉಗುಳುತ್ತಾಳೆ. ಹುಣಸೆ ಬಡಿಯುವ ಕಡೆ ಹುಡುಗರ ದಂಡು. ಅವ್ವ ಹೊರಸಿನ ಮೇಲೆ ಶಾವಿಗೆ ಒಣಹಾಕಿದರೆ ಕಾಗೆ ಓಡಿಸುವ ಕೆಲಸ ಮೊಮ್ಮಕ್ಕಳದ್ದು. ಅರ್ಧ ಶಾವಿಗೆ ಕಾವಲುಗಾರರ ಬಾಯಿಗೇ ಹೋಗುತ್ತದೆ. ರಾತ್ರಿ ಕರೆಂಟು ಹೋದಾಗ ಎಲ್ಲರೂ ಮಾಳಿಗೆ ಮೇಲೆ. ನಡುವೆ ಮಲಗಿದ ಮಗಳು ಚುಕ್ಕಿ ಎಣಿಸುತ್ತ ಹತ್ತರ ನಂತರ ಮತ್ತೆ ಒಂದಕ್ಕೆ ಬರುತ್ತಾಳೆ. ಈ ಸುಖ ನಮಗೂ ಬೇಕು.

ಕಷ್ಟ ಇರುವುದು ಹಗಲಿನಲ್ಲಿ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ.

ಉಳಿದ ದಿನಗಳಲ್ಲಿ ಆ ಹೊತ್ತಿಗೆ ನಮ್ಮ ಮಗ ಎಲ್ಲಿರುತ್ತಾನೆ? ಶಾಲೆಯಲ್ಲಿ. ಶಾಲೆ ಅಂದರೆ ನಮಗೆ ಪಾಠವಷ್ಟೇ ಅಲ್ಲ. ತಲೆ ಮೇಲೊಂದು ಸೂರು, ಕುಡಿಯಲು ನೀರು, ಮಧ್ಯಾಹ್ನಕ್ಕೆ ಬಿಸಿ ಅನ್ನ-ಸಾರು, ಎಲ್ಲಿದ್ದೀಯ ಎಂದು ಕೇಳುವ ಒಬ್ಬ ದೊಡ್ಡವರು. 2002ರಲ್ಲಿ ಅಕ್ಷರ ದಾಸೋಹ ಮೊದಲು ಶುರುವಾದದ್ದೇ ನಮ್ಮ ಜಿಲ್ಲೆಯೂ ಸೇರಿ ಈ ಭಾಗದ ಏಳು ಜಿಲ್ಲೆಗಳಲ್ಲಿ. ಇಲ್ಲಿಯ ಹಸಿವು, ಇಲ್ಲಿಯ ಬಿಸಿಲು ಸರ್ಕಾರಕ್ಕೆ ಗೊತ್ತಿಲ್ಲದ್ದೇನಲ್ಲ. ಏಪ್ರಿಲ್, ಮೇನಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುವುದೂ ಇದೇ ಬಿಸಿಲಿಗೆ. ನೌಕರರು ಸುಡುಬಿಸಿಲು ಏರುವ ಮುಂಚೆ ಮನೆ ಸೇರಲಿ ಅಂತ. ಒಳ್ಳೆಯದೇ. ಆದರೆ ಅದೇ ಮಧ್ಯಾಹ್ನ ಒಂದೂವರೆಗೆ, ಮನೆಯಲ್ಲಿ ಯಾರೂ ಇಲ್ಲದ ಕೂಲಿಯವರ ಕೂಸು ಎಲ್ಲಿರುತ್ತದೆ ಎಂದು ಯಾವ ಸುತ್ತೋಲೆಯೂ ಕೇಳುವುದಿಲ್ಲ.

ಎಲ್ಲಿರುತ್ತದೆ ಎಂಬುದು ನಮ್ಮಂಥ ಸ್ಟ್ರಿಂಗರ್‌ಗಳಿಗೆ ಗೊತ್ತು. ಪ್ರತಿ ಬೇಸಿಗೆಯಲ್ಲಿ ನಾವು ಡೆಸ್ಕಿಗೆ ಕಳಿಸುವ ಸುದ್ದಿಗಳಲ್ಲಿ ಒಂದರ ತಲೆಬರಹ ಬದಲಾಗುವುದೇ ಇಲ್ಲ: ‘ಈಜಲು ಹೋದ ಬಾಲಕರು ನೀರುಪಾಲು’. ಊರು, ಹೆಸರು, ವಯಸ್ಸು, ಯಾವ ಠಾಣೆ, ಮುಗಿಯಿತು. ಜಾಗ ಉಳಿದರೆ ಕೊನೆಗೊಂದು ಸಾಲು: ರಜೆಯಲ್ಲಿ ಪೋಷಕರು ಮಕ್ಕಳ ಮೇಲೆ ನಿಗಾ ಇಡಬೇಕು. ಈ ಸಾಲನ್ನು ಎಷ್ಟು ಸಲ ಬರೆದಿದ್ದೇವೋ ಲೆಕ್ಕವಿಲ್ಲ. ಬರೆಯುವಾಗ ಕೈ ನಡುಗಿದ್ದೂ ಇಲ್ಲ.

ಈ ಸಲದ ಏಪ್ರಿಲ್ ಕೊನೆಯ ವಾರ ಅದು ನಮ್ಮ ಮನೆ ಬಾಗಿಲಿಗೇ ಬಂತು. ಮಧ್ಯಾಹ್ನದ ಊಟ ಮಾಡಿ ಅವ್ವ ಮಗಳನ್ನು ಮಲಗಿಸಲು ಹೋಗಿ ತಾನೂ ಮಲಗಿಬಿಟ್ಟಿದ್ದಳು. ಮಗ ಓಣಿಯ ಮೂವರು ಹುಡುಗರ ಜೊತೆ ಊರಾಚೆಯ ಕೃಷಿ ಹೊಂಡಕ್ಕೆ ಹೋಗಿದ್ದ. ಕುರಿ ಕಾಯುವ ಅಣ್ಣನೊಬ್ಬ ದಂಡೆಯ ಮೇಲೆ ಸಾಲಾಗಿ ಬಿಟ್ಟ ಚಪ್ಪಲಿ ನೋಡಿ, ನಾಲ್ವರನ್ನೂ ಗದರಿಸಿ ಊರಿಗೆ ಹೊಡಕೊಂಡು ಬಂದ. ನಾವು ಮನೆ ಮುಟ್ಟುವ ಹೊತ್ತಿಗೆ ಅವ್ವ ಕಟ್ಟೆ ಮೇಲೆ ಕೂತು ಅಳುತ್ತಿದ್ದಳು. “ಕಣ್ಣು ಹತ್ತಿಬಿಡ್ತಪ್ಪ, ಒಂದ್ ಗಳಿಗಿ ಅಷ್ಟ” ಅನ್ನುತ್ತಿದ್ದಳು. ಮಗ ಮಾತ್ರ, “ಕಾಲಷ್ಟ ಇಳಿಬಿಟ್ಟಿದ್ವಿ, ಈಜಿಲ್ಲ” ಅಂದ.

ಅವತ್ತು ಬೈಯಲು ಬಾಯಿ ಬರಲಿಲ್ಲ. ಯಾರನ್ನು ಬೈಯುವುದು? ಎಪ್ಪತ್ತರ ಮುದುಕಿಯನ್ನೇ? ನಲವತ್ತು ಡಿಗ್ರಿಯಲ್ಲಿ ನೀರು ಕಂಡ ಎಂಟು ವರ್ಷದ ಹುಡುಗನನ್ನೇ? ದುಡಿಯಲು ಹೋದ ನಮ್ಮನ್ನೇ?

‘ನಾವೂ ಬಾವಿ ಹಾರಿಯೇ ದೊಡ್ಡವರಾದವರು’ ಎಂದು ಹೇಳುವವರಿದ್ದಾರೆ. ನಿಜ, ನಾವೂ ಹಾರಿದ್ದೇವೆ. ಆದರೆ ಆಗ ನಡುವಿಗೆ ಸೋರೆಬುರುಡೆ ಕಟ್ಟಿ ಇಳಿಸುವ ಕಾಕಾ ಇದ್ದ. ಬಾವಿಗೆ ಮೆಟ್ಟಿಲಿದ್ದವು, ಪಕ್ಕದ ಹೊಲದಲ್ಲಿ ಜನ ಇರುತ್ತಿದ್ದರು. ಈಗ ಆ ಬಾವಿಗಳು ಬತ್ತಿ ಕಸದ ಗುಂಡಿಗಳಾಗಿವೆ. ಕಾಕಾ ದುಡಿಯಲು ಬೆಂಗಳೂರಿಗೆ ಹೋಗಿದ್ದಾನೆ. ಉಳಿದದ್ದು ಕೃಷಿ ಹೊಂಡ. ನೀರು ಇಂಗದಿರಲೆಂದು ಅದರ ನಾಲ್ಕೂ ಮಗ್ಗುಲಿಗೆ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಪಾಚಿ ಕಟ್ಟಿದ ಆ ಹಾಳೆ ಮೇಲೆ ಕಾಲಿಟ್ಟರೆ ಜಾರುತ್ತದೆ, ಹಿಡಿಯಲು ಏನೂ ಸಿಗುವುದಿಲ್ಲ. ಈಜು ಬಲ್ಲ ದೊಡ್ಡವರಿಗೇ ಮೇಲೆ ಹತ್ತುವುದು ಕಷ್ಟ. ರೈತನ ಪಾಲಿಗೆ ಹೊಂಡ ಬೆಳೆ ಉಳಿಸುವ ನೀರು, ಅದು ಬೇಡ ಅನ್ನುತ್ತಿಲ್ಲ. ಕೃಷಿ ಭಾಗ್ಯದಲ್ಲಿ ಹೊಂಡದ ಸುತ್ತ ತಂತಿಬೇಲಿಗೂ ಸಹಾಯಧನವಿದೆ. ನಾವು ಆಮೇಲೆ ಹೋಗಿ ನೋಡಿದ ಆ ಹೊಂಡಕ್ಕೆ ಬೇಲಿ ಇರಲಿಲ್ಲ.

ನಮ್ಮ ಮನೆಯಲ್ಲಿ ಅವ್ವನಾದರೂ ಇದ್ದಾಳೆ. ಓಣಿಯಲ್ಲಿ ಗುಳೆ ಹೋದವರ ಮಕ್ಕಳು ಅಜ್ಜಿ ಜೊತೆ ಇದ್ದಾರೆ, ಆ ಅಜ್ಜಿಯೂ ಕೂಲಿಗೆ ಹೋಗುತ್ತಾಳೆ. ಹತ್ತು ವರ್ಷದ ಅಕ್ಕ ಎರಡು ವರ್ಷದ ತಮ್ಮನನ್ನು ಸೊಂಟದ ಮೇಲೆ ಹೊತ್ತು ತಿರುಗುತ್ತಾಳೆ. ಅವಳ ಪಾಲಿಗೆ ಇದು ರಜೆಯೇ? ಬೆಳಿಗ್ಗೆ ಮಾಡಿಟ್ಟ ರೊಟ್ಟಿ, ಖಾರದಪುಡಿ ಅವರ ಮಧ್ಯಾಹ್ನದ ಊಟ.

ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಿಲ್ಲ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತ ಎಂದಾದಾಗ 2024ರ ಬೇಸಿಗೆ ರಜೆಯಲ್ಲೂ 41 ದಿನ ಶಾಲೆಯಲ್ಲಿ ಬಿಸಿಯೂಟ ಕೊಟ್ಟರು. ಮಾಡಬಹುದು ಎಂಬುದು ಆಗಲೇ ಗೊತ್ತಾಯಿತು. ಬರ ಇಲ್ಲದ ವರ್ಷ ಮಕ್ಕಳಿಗೆ ಹಸಿವಾಗುವುದಿಲ್ಲವೇ? ಉದ್ಯೋಗ ಖಾತ್ರಿಯ 2005ರ ಕಾಯ್ದೆಯಲ್ಲೇ, ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಣ್ಣುಮಗಳನ್ನು ಕೂಲಿ ಕೊಟ್ಟು ನೇಮಿಸಬೇಕು ಎಂದಿತ್ತು. ಕೂಲಿಯವರ ಚಿಕ್ಕ ಮಕ್ಕಳಿಗೆ ‘ಕೂಸಿನ ಮನೆ’ ಎಂದು 4 ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ ತೆರೆಯುವುದಾಗಿ 2023ರಲ್ಲಿ ಹೇಳಿದರು. ಪಂಚಾಯಿತಿ ಗ್ರಂಥಾಲಯ ‘ಅರಿವು ಕೇಂದ್ರ’ವಾಗಿದೆ, ಹಲವು ಕಡೆ ಅಲ್ಲಿ ಬೇಸಿಗೆ ಶಿಬಿರಗಳೂ ನಡೆದಿವೆ. ಎಲ್ಲವೂ ಇವೆ. ಆದರೆ ಒಂದು ಊರಿನಲ್ಲಿ, ಒಂದು ಮಧ್ಯಾಹ್ನ, ಒಂದು ಮಗುವಿಗೆ ಅವು ಒಟ್ಟಾಗಿ ಸಿಗುವುದಿಲ್ಲ.

ಶಿಕ್ಷಕರ ರಜೆ ಕಿತ್ತುಕೊಳ್ಳಿ ಎಂದು ನಾವು ಹೇಳುತ್ತಿಲ್ಲ. ವರ್ಷವಿಡೀ ದುಡಿದವರಿಗೆ ಬಿಡುವು ಬೇಕು. ಮಕ್ಕಳನ್ನು ಮತ್ತೆ ಪುಸ್ತಕಕ್ಕೆ ಕಟ್ಟಿಹಾಕುವುದೂ ಬೇಡ. ನಾವು ಕೇಳುವುದು ಇಷ್ಟೇ. ಶಾಲೆಯ ಎರಡು ಕೋಣೆ, ಅಡುಗೆ ಮನೆ, ಅರಿವು ಕೇಂದ್ರ ಮೇ ಕೊನೆಯವರೆಗೆ ಬೆಳಿಗ್ಗೆಯಿಂದ ಸಂಜೆವರೆಗೆ ತೆರೆದಿರಲಿ. ಬಿಸಿಯೂಟದ ಅಡುಗೆಯವರಿಗೆ ಗೌರವಧನ ಸಿಗುವುದು ವರ್ಷಕ್ಕೆ ಹತ್ತು ತಿಂಗಳಷ್ಟೇ. ಉಳಿದೆರಡು ತಿಂಗಳದ್ದನ್ನೂ ಕೊಟ್ಟರೆ ಒಲೆ ಹೊತ್ತುತ್ತದೆ. ಡಿಗ್ರಿ ಮುಗಿಸಿ ಊರಲ್ಲಿರುವ ಇಬ್ಬರು ಹುಡುಗಿಯರನ್ನು ಪಂಚಾಯಿತಿ ಕೂಲಿ ಕೊಟ್ಟು ನೇಮಿಸಲಿ. ಮಕ್ಕಳು ಆಡಲಿ, ಚಿತ್ರ ಬಿಡಿಸಲಿ, ನಿದ್ದೆ ಬಂದರೆ ಮಲಗಲಿ. ಊರ ಸುತ್ತಲಿನ ಹೊಂಡಗಳನ್ನು ಯುಗಾದಿಗೆ ಮುಂಚೆಯೇ ಎಣಿಸಿ, ಬೇಲಿ ಇಲ್ಲದಕ್ಕೆ ಬೇಲಿ ಹಾಕಿಸಲಿ. ಒಳಕ್ಕೊಂದು ಗಂಟು ಹಾಕಿದ ಹಗ್ಗ ಇಳಿಬಿಟ್ಟರೂ ಜೀವ ಉಳಿದೀತು. ಅದಕ್ಕೆ ಯಾವ ಯೋಜನೆಯೂ ಬೇಕಿಲ್ಲ.

ಮತ್ತೊಂದು ಮಾತು, ನಮ್ಮ ಜೊತೆ ಸುದ್ದಿ ಮಾಡುವ ಗೆಳೆಯರಿಗೆ. ಮುಂದಿನ ಸಲ ಮಗು ನೀರುಪಾಲಾದ ಸುದ್ದಿ ಬರೆಯುವಾಗ ಹೊಂಡಕ್ಕೆ ಬೇಲಿ ಇತ್ತೇ, ಆ ಊರಲ್ಲಿ ಅಂಗನವಾಡಿ ಎಷ್ಟು ಗಂಟೆಗೆ ಮುಚ್ಚಿತ್ತು, ಅವತ್ತು ಮಗುವಿಗೆ ಊಟ ಎಲ್ಲಿ ಸಿಗಬೇಕಿತ್ತು ಎಂದು ಕೇಳೋಣ. ‘ಪೋಷಕರು ನಿಗಾ ಇಡಬೇಕು’ ಎಂಬ ಸಾಲನ್ನು ನಾವಂತೂ ಬಿಟ್ಟಿದ್ದೇವೆ.

ಈಗ ಮಗ ಮಧ್ಯಾಹ್ನ ಹೊಲಿಗೆ ಅಂಗಡಿಯಲ್ಲಿ ಚಿಂದಿ ಬಟ್ಟೆಗಳ ನಡುವೆ ಕೂರುತ್ತಾನೆ. ಬೇಸರವಾದಾಗ, “ಸಾಲಿ ಯಾವಾಗ ಚಾಲೂ ಆಗ್ತೈತಿ?” ಅಂತ ಕೇಳುತ್ತಾನೆ. ಮೇ 29ಕ್ಕೆ ಅಂತ ಹೇಳಿದ್ದೇವೆ. ಕ್ಯಾಲೆಂಡರಿನಲ್ಲಿ ಅವನು ದಿನಾ ಒಂದು ಗೀಟು ಹಾಕುತ್ತಿದ್ದಾನೆ. ನಾವೂ ನೋಡುತ್ತಿರುತ್ತೇವೆ.